ಶಾಂತಿ ಪಾಠಕ್ಕೆ ಒಬ್ಬರು ಬೇಕಾಗಿದ್ದರು

ಐದನೆಯ ಅರ್ಜಿ ತೆರೆದಾಗ ಹೆಸರಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅಕ್ಷರ. ಎಡಕ್ಕೆ ವಾಲಿದ, ಒತ್ತಕ್ಷರಗಳನ್ನು ಉದ್ದಕ್ಕೆ ಎಳೆದು ಬರೆದ ಬರವಣಿಗೆ. ಈಗ ಅರ್ಜಿಯನ್ನು ಕೈಯಲ್ಲಿ ಬರೆದು ಕಳಿಸುವವರು ಎಷ್ಟು ಮಂದಿ ಇದ್ದಾರೆ? ಅವರು ಬರೆದಿದ್ದರು. ನಾನು ಆ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಹಾಕಿ, ಒಂದು ಲೋಟ ನೀರು ಕುಡಿದು, ಮತ್ತೆ ನೇರ ಮಾಡಿ ಓದಿದೆ.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆ. ಆ ವರ್ಷ ನಮ್ಮ ಸ್ನಾತಕೋತ್ತರ ತರಗತಿಗೆ ‘ಸಂಘರ್ಷ ಮತ್ತು ಶಾಂತಿ ನಿರ್ಮಾಣ’ ಎಂಬ ಹೊಸ ವಿಷಯ ಬಂದಿತ್ತು. ಇದ್ದ ಮೂವರಿಗೂ ಪಾಠದ ಗಂಟೆ ಭರ್ತಿಯಾಗಿದ್ದರಿಂದ, ವಾರಕ್ಕೆ ನಾಲ್ಕು ಗಂಟೆಯ ಪಾಠಕ್ಕೆ ಒಬ್ಬ ಅರೆಕಾಲಿಕ ಉಪನ್ಯಾಸಕರನ್ನು ತೆಗೆದುಕೊಳ್ಳುವುದೆಂದು ಪ್ರಿನ್ಸಿಪಾಲರು ಒಪ್ಪಿದರು. ಪೇಪರಿನಲ್ಲಿ ಸಣ್ಣ ಜಾಹೀರಾತು ಹೋಯಿತು. ಏಳು ಅರ್ಜಿ ಬಂದವು. ಆರು ಮಂದಿ ಈಚೆಗೆ ಓದು ಮುಗಿಸಿದ ಮಕ್ಕಳು. ಏಳನೆಯವರು, ಎಂದರೆ ನನ್ನ ಕೈಗೆ ಐದನೆಯವರಾಗಿ ಸಿಕ್ಕಿದವರು, ಸುಳ್ಯ ಕಡೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿಯ ನಂತರ ಊರಿನ ಬೇಲಿ ಜಗಳ, ನೀರಿನ ಜಗಳಗಳಲ್ಲಿ ರಾಜಿ ಮಾಡಿಸುತ್ತಿದ್ದೇನೆ, ಶಾಂತಿ ಸಭೆಗಳಿಗೆ ನನ್ನನ್ನು ಕರೆಯುತ್ತಾರೆ ಎಂದು ಅರ್ಜಿಯಲ್ಲಿ ಬರೆದುಕೊಂಡಿದ್ದರು.

ಅವರ ಕೈಕೆಳಗೆ ನಾನು ಏಳು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಏಳನೆಯ ವರ್ಷ ನನಗೆ ಮಗಳು ಹುಟ್ಟಿದಳು. ಅತಿಥಿಗಳಿಗೆ ಹೆರಿಗೆ ರಜೆ ಎಂದೇನೂ ಇರಲಿಲ್ಲ. ‘ನೀವು ಹೋಗಿ ಬನ್ನಿ ಮೇಡಂ, ಕ್ಲಾಸು ನಾನು ನೋಡಿಕೊಳ್ತೇನೆ’ ಎಂದು ಅವರು ಹೇಳಿದ್ದರು, ನಾನು ಅದನ್ನು ದೊಡ್ಡ ಉಪಕಾರವೆಂದು ತಿಳಿದಿದ್ದೆ. ಗುತ್ತಿಗಾರಿನ ತವರಿನಲ್ಲಿ ಬಾಣಂತನ ಮುಗಿಸದೆ, ಅರುವತ್ತೇ ದಿನಕ್ಕೆ ಮಗುವನ್ನು ಅಮ್ಮನ ಕೈಯಲ್ಲಿ ಬಿಟ್ಟು ಕೆಲಸಕ್ಕೆ ಮರಳಿದೆ. ಮೊದಲ ದಿನವೇ ಅವರು ಹಾಜರಿ ಪುಸ್ತಕ ಮುಂದಿಟ್ಟರು. ‘ಇಲ್ಲಿ ಸಹಿಯ ಕಾಲಂ ಖಾಲಿ ಉಂಟು ಮೇಡಂ. ನಿಮ್ಮ ವಿಷಯ ಅಲ್ವಾ, ನೀವೇ ಹಾಕಿಬಿಡಿ, ಲೆಕ್ಕಕ್ಕೆ ಸರಿಯಾಗ್ತದೆ.’ ಮಧ್ಯಾಹ್ನದ ಬಸ್ಸು ಹಿಡಿಯುವ ಆತುರ ನನಗೆ. ಎದೆಯಲ್ಲಿ ಹಾಲು ಕಟ್ಟಿಕೊಂಡು ರವಿಕೆ ಒದ್ದೆಯಾಗುತ್ತಿತ್ತು. ಎರಡು ತಿಂಗಳ ಹಾಳೆಗಳಿಗೆ ನಿಂತಲ್ಲೇ ಸಹಿ ಹಾಕಿದೆ.

ಆ ಹಾಳೆಗಳಲ್ಲಿ, ಆಡಳಿತ ಮಂಡಳಿಯವರೊಬ್ಬರ ಸಂಬಂಧಿಕರ ಹುಡುಗನಿಗೆ ಒಂದು ದಿನವೂ ಬಿಡದೆ ಹಾಜರಿ ಹಾಕಲಾಗಿತ್ತು. ಅವನು ಆ ಎರಡು ತಿಂಗಳು ಊರಿನಲ್ಲೇ ಇರಲಿಲ್ಲ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದ ಬೇರೆ ಮಕ್ಕಳ ಮನೆಯವರು ದೂರು ಕೊಟ್ಟಾಗ ವಿಚಾರಣೆ ನಡೆಯಿತು. ಮುಖ್ಯಸ್ಥರಾಗಿ ಅವರು ಒಂದು ಪತ್ರ ಬರೆದರು. ‘ಅತಿಥಿ ಉಪನ್ಯಾಸಕಿಯವರ ಅನುಭವದ ಕೊರತೆಯಿಂದಲೂ ನಿರ್ಲಕ್ಷ್ಯದಿಂದಲೂ ಈ ತಪ್ಪು ಸಂಭವಿಸಿದೆ.’ ಅದೇ ಎಡಕ್ಕೆ ವಾಲಿದ ಅಕ್ಷರ. ನಾನು ಆ ದಿನಗಳಲ್ಲಿ ಬಾಣಂತಿ ಕೋಣೆಯಲ್ಲಿದ್ದೆ ಎಂದು ಹೇಳಿದೆ. ‘ಸಹಿ ನಿಮ್ಮದೇ ಅಲ್ವಾ?’ ಎಂದು ವಿಚಾರಣೆಯವರು ಕೇಳಿದರು. ಹೌದು, ನನ್ನದೇ.

ಹೊರಗೆ ಬಂದ ಮೇಲೆ ಜಗಲಿಯಲ್ಲಿ ಅವರನ್ನು ತಡೆದು ನಿಲ್ಲಿಸಿದೆ. ಹೀಗೆ ಯಾಕೆ ಮಾಡಿದಿರಿ ಸರ್ ಎಂದು ಕೇಳಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಸಮಾಧಾನ ಮಾಡುವವರ ಹಾಗೆಯೇ ಹೇಳಿದರು.

‘ನೀವು ಅತಿಥಿ ಅಲ್ವಾ ಮೇಡಂ. ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ. ನಿಮಗೆ ಎಂತ ನಷ್ಟ ಆಗುದು? ನಾನು ಪರ್ಮನೆಂಟ್. ನನ್ನ ಹೆಸರು ಹೋದ್ರೆ ಹೋದ ಹಾಗೆಯೇ.’

ಜೂನ್ ತಿಂಗಳಲ್ಲಿ ನನಗೆ ಎರಡು ಸಾಲಿನ ಪತ್ರ ಬಂತು. ‘ಮುಂದಿನ ಸಾಲಿಗೆ ತಮ್ಮ ಸೇವೆಯ ಅಗತ್ಯ ಕಂಡುಬಂದಿಲ್ಲ.’ ಅದಾಗಿ ಎರಡು ವರ್ಷ ಈ ಸುತ್ತಮುತ್ತಲಿನ ಯಾವ ಕಾಲೇಜಿನವರೂ ನನ್ನನ್ನು ತೆಗೆದುಕೊಳ್ಳಲಿಲ್ಲ. ಎಲ್ಲಿಗೆ ಹೋದರೂ ಸಂದರ್ಶನದ ಕೊನೆಗೆ, ‘ಅಲ್ಲಿ ಎಂತದೋ ಹಾಜರಿ ವಿಷಯ ಆಗಿತ್ತಂತೆ ಹೌದಾ?’ ಎಂಬ ಪ್ರಶ್ನೆ. ಗಂಡನ ಕೆಲಸ ಕಡಬದಲ್ಲಿತ್ತು. ಬಾಡಿಗೆ ಮನೆಯ ಚಾವಡಿಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟು, ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಪರೀಕ್ಷೆಗಳಿಗೆ ಓದಿ, ಪಿಎಚ್‌ಡಿ ಮುಗಿಸಿ, ಪುತ್ತೂರಿಗೆ ಬಂದೆ. ಅದೆಲ್ಲ ಇಲ್ಲಿ ಬೇಡ. ಹದಿನಾಲ್ಕು ವರ್ಷ ಕಳೆದಿತ್ತು. ಅವರನ್ನು ಮರೆತಿದ್ದೇನೆ ಎಂದು ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೆ. ಅರ್ಜಿ ಕೈಗೆ ಬಂದ ದಿನ ಗೊತ್ತಾಯಿತು, ಒಂದು ಶಬ್ದವನ್ನೂ ಮರೆತಿರಲಿಲ್ಲ.

ಸಂದರ್ಶನ ಸಮಿತಿಯವರು ಒಂದು ನಮೂನೆಗೆ ಸಹಿ ಹಾಕಬೇಕು. ಅಭ್ಯರ್ಥಿಗಳಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ ಎಂದು ಅದರಲ್ಲಿರುತ್ತದೆ. ಹಗೆಯವರು ಇದ್ದಾರೆಯೇ ಎಂದು ಆ ನಮೂನೆ ಕೇಳಿರಲಿಲ್ಲ. ಸಹಿ ಹಾಕಿದೆ.

ಅವರ ಅರ್ಜಿಯನ್ನು ಮೊದಲ ಸುತ್ತಿನಲ್ಲೇ ಬದಿಗಿಡಬಹುದಿತ್ತು. ವಯಸ್ಸಿನ ನೆಪವೊಂದೇ ಸಾಕಿತ್ತು. ಆದರೆ ಹಾಗೆ ಬಿಟ್ಟರೆ ಅವರು ಮನೆಯಲ್ಲೇ ಕುಳಿತು, ಏನೋ ನಿಯಮ ಇರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದರು. ನನಗೆ ಅವರು ಬರಬೇಕಿತ್ತು. ನನ್ನ ಎದುರು ನಿಲ್ಲಬೇಕಿತ್ತು. ಪಟ್ಟಿಯಲ್ಲಿ ಅವರ ಹೆಸರನ್ನು ಕೊನೆಗೆ ಹಾಕಿದೆ. ಎಲ್ಲರಿಗೂ ಹತ್ತು ಗಂಟೆಗೆ ಬರಲು ತಿಳಿಸಿದ್ದರಿಂದ, ಅವರು ತಮ್ಮ ಶಿಷ್ಯರ ಪ್ರಾಯದ ಆರು ಮಂದಿಯ ಜೊತೆ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡೂವರೆಯವರೆಗೆ ಕಾದರು. ಚಹಾ, ಊಟ ಎಲ್ಲರಿಗೂ ಕೊಡಿಸಿದೆ. ಯಾರೂ ಬೆರಳು ತೋರಿಸುವ ಹಾಗೆ ಏನೂ ಇರಬಾರದು. ನಡುವೆ ಎರಡು ಸಲ ಅವರ ಮುಂದೆಯೇ ಹಾದು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನನಗೆ ಕನಿಕರ ಬರುತ್ತದೋ ಎಂದು ನೋಡಿದೆ. ಬರಲಿಲ್ಲ.

ಒಳಗೆ ಕರೆದಾಗ ಅವರು ನನ್ನನ್ನು ನೋಡಿ ಮುಖವರಳಿಸಿ ನಕ್ಕರು. ನಾನು ಅದನ್ನು ಎಣಿಸಿರಲಿಲ್ಲ. ಪ್ರಿನ್ಸಿಪಾಲರ ಕಡೆ ತಿರುಗಿ, ‘ಇವರು ನಮ್ಮಲ್ಲೇ ತಯಾರಾದವರು ಸರ್. ಏಳು ವರ್ಷ ನನ್ನ ಕೈಕೆಳಗೆ ಇದ್ದವರು. ಈಗ ಮುಖ್ಯಸ್ಥರ ಕುರ್ಚಿಯಲ್ಲಿ ನೋಡುವಾಗ ಖುಷಿ ಆಗ್ತದೆ’ ಎಂದರು.

‘ಹೌದಾ ಮೇಡಂ? ಹೇಳ್ಲೇ ಇಲ್ಲ ನೀವು’ ಎಂದರು ಪ್ರಿನ್ಸಿಪಾಲರು.

‘ಸಂದರ್ಶನ ಅಲ್ವಾ ಸರ್, ಹೇಳಬಾರದು’ ಎಂದೆ. ನನ್ನ ಧ್ವನಿ ಸರಿಯಾಗಿಯೇ ಇತ್ತು. ನನ್ನನ್ನು ಬೀದಿಗೆ ಹಾಕಿದವರು ನನ್ನ ಏಳಿಗೆಯಲ್ಲಿ ಪಾಲು ಕೇಳುತ್ತಿದ್ದರು. ಅಲ್ಲಿಯವರೆಗೆ ನನ್ನೊಳಗೆ ಎಲ್ಲೋ ಒಂದಿಷ್ಟು ಹಿಂಜರಿಕೆ ಇದ್ದಿರಬಹುದು. ಆ ಕ್ಷಣದಿಂದ ಇರಲಿಲ್ಲ.

ಪ್ರತಿಯೊಬ್ಬರೂ ಹತ್ತು ನಿಮಿಷ ಮಾದರಿ ಪಾಠ ಮಾಡಬೇಕಿತ್ತು. ಕೇಳಲು ನಮ್ಮ ಎಂಟು ವಿದ್ಯಾರ್ಥಿಗಳನ್ನು ಕೂರಿಸಿದ್ದೆವು. ವಿಷಯ ಹಂಚುವುದು ನನ್ನ ಕೆಲಸ. ಅವರಿಗೆ ಕೊಟ್ಟ ಚೀಟಿಯಲ್ಲಿ, ‘ತಪ್ಪೊಪ್ಪಿಗೆ ಇಲ್ಲದೆ ಶಾಂತಿ ಸಾಧ್ಯವೇ?’ ಎಂದು ಬರೆದಿದ್ದೆ. ಚೀಟಿ ಓದುವಾಗ ಅವರ ಮುಖದಲ್ಲಿ ಏನಾದರೂ ಬದಲಾಗುತ್ತದೋ ಎಂದು ಕಾದೆ. ಕನ್ನಡಕ ಸರಿಮಾಡಿಕೊಂಡರು, ಅಷ್ಟೆ.

ಪಾಠ ಶುರುಮಾಡಿದರು. ಗುತ್ತಿಗಾರು ಕಡೆಯ ಇಬ್ಬರು ನೆರೆಯವರ ವಿಷಯ. ಒಬ್ಬರದ್ದು ಕಾಡಿನಂಚಿನ ರಬ್ಬರ್ ತೋಟ, ಆಚೆಗೆ ಇನ್ನೊಬ್ಬರ ಬಾಳೆ. ಒಂದು ಮುಂಜಾನೆ ರಬ್ಬರ್ ತೋಟಕ್ಕೆ ಆನೆ ಬಂತು. ತೋಟದವರು ಗರ್ನಾಲು ಪಟಾಕಿ ಸಿಡಿಸಿ ಓಡಿಸಿದರು. ಆನೆ ಬಾಳೆಗೆ ನುಗ್ಗಿ ಎಲ್ಲ ಮಗುಚಿ ಹಾಕಿತು. ಅಂದಿನಿಂದ ಎರಡು ಮನೆಯವರು ಒಂದೇ ದಾರಿಯಲ್ಲಿ ನಡೆಯುವುದನ್ನು ಬಿಟ್ಟರು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರಿಲ್ಲ.

‘ಅರಣ್ಯ ಇಲಾಖೆಯ ಪರಿಹಾರ ಸಿಕ್ಕಿತು. ಆದ್ರೆ ಜಗಳ ನಿಲ್ಲಲಿಲ್ಲ. ಯಾಕೆ?’ ಎಂದು ಮಕ್ಕಳನ್ನು ಕೇಳಿದರು. ಒಬ್ಬ ಹುಡುಗ ಏನೋ ಹೇಳಿದ. ಅವನ ಮಾತನ್ನೇ ಹಿಡಿದು ಮುಂದುವರಿಸಿದರು. ‘ಸರಿಯಾಗಿ ಹೇಳಿದ್ರಿ. ಆನೆ ತಾನಾಗಿ ಹೋದದ್ದಲ್ಲ. ಅಟ್ಟಿದ್ದು. ಅದು ಇಬ್ಬರಿಗೂ ಗೊತ್ತುಂಟು. ಅಟ್ಟಿದವ ಬಾಳೆಯವನ ಅಂಗಳಕ್ಕೆ ಬಂದು, ಹೌದು ಮಾರಾಯ, ನಾನೇ ಅಟ್ಟಿದ್ದು ಅಂತ ಒಂದು ಮಾತು ಹೇಳ್ಬೇಕು. ಅದು ಆಗದೆ ಶಾಂತಿ ಅಂತ ಹೇಳುದೆಲ್ಲ ಬಾಯಿಮಾತು.’

ಮಕ್ಕಳು ಅಲುಗಾಡದೆ ಕೇಳುತ್ತಿದ್ದರು. ಆ ದಿನದ ಏಳು ಪಾಠಗಳಲ್ಲಿ ಅದೇ ಒಳ್ಳೆಯದು. ಅದು ಒಳ್ಳೆಯದಾದಷ್ಟೂ ನನಗೆ ಉರಿಯಿತು. ಗೊತ್ತಿಲ್ಲದೆ ಮಾಡಿದವರಾಗಿದ್ದರೆ ಬೇರೆ. ಇವರಿಗೆ ಎಲ್ಲ ಗೊತ್ತಿತ್ತು, ಬೋರ್ಡಿನ ಮೇಲೆ ಬರೆದು ತೋರಿಸುವಷ್ಟು ಗೊತ್ತಿತ್ತು.

ಕೊನೆಗೆ ನಾನು ಒಂದೇ ಪ್ರಶ್ನೆ ಕೇಳಿದೆ. ‘ಸರ್, ಇಷ್ಟು ವರ್ಷದ ಕೆಲಸದಲ್ಲಿ, ನಿಮ್ಮ ಕೈಕೆಳಗಿನ ಯಾರದ್ದಾದರೂ ಹತ್ತಿರ ನೀವು ಹೀಗೆ ತಪ್ಪು ಒಪ್ಪಿಕೊಳ್ಳಬೇಕಾಗಿ ಬಂದದ್ದುಂಟಾ?’

ಅವರು ನಿಜವಾಗಿಯೂ ಯೋಚಿಸಿದರು. ಕಣ್ಣು ಮೇಲೆ ಮಾಡಿ, ಸ್ವಲ್ಪ ಹೊತ್ತು. ‘ದೇವರ ದಯೆಯಿಂದ ಅಂಥ ಸಂದರ್ಭ ಬರ್ಲಿಲ್ಲ ಮೇಡಂ’ ಎಂದರು.

ಇಪ್ಪತ್ತರಲ್ಲಿ ಏಳು ಅಂಕ ಹಾಕಿದೆ.

ಎಲ್ಲರೂ ಹೋದ ಮೇಲೆ ಪ್ರಿನ್ಸಿಪಾಲರು ನನ್ನ ಅಂಕಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. ಅವರು ವಾಣಿಜ್ಯ ವಿಭಾಗದವರು, ಬೇರೆಯವರ ವಿಷಯದಲ್ಲಿ ತಲೆ ಹಾಕುವವರಲ್ಲ. ‘ನನಗೆ ಅವರದ್ದು ಒಳ್ಳೆದು ಕಂಡಿತ್ತಲ್ಲ ಮೇಡಂ?’

‘ಕಥೆ ಒಳ್ಳೆದಿತ್ತು ಸರ್. ಆದ್ರೆ ಸಿದ್ಧಾಂತ ಒಂದೂ ಬರ್ಲಿಲ್ಲ. ಎಂ.ಎ. ಮಕ್ಕಳಿಗೆ ಕಥೆ ಸಾಕಾಗುದಿಲ್ಲ.’

‘ನಿಮ್ಮ ವಿಷಯ, ನಿಮಗೇ ಗೊತ್ತು’ ಎಂದು ಅವರು ಸಹಿ ಹಾಕಿದರು. ಕಲ್ಲುಗುಂಡಿಯಿಂದ ಬಂದಿದ್ದ ಹುಡುಗಿಯೊಬ್ಬಳಿಗೆ ಹದಿನೇಳು ಕೊಟ್ಟಿದ್ದೆ. ಅವಳೇ ಆಯ್ಕೆಯಾದಳು.

ಆಯ್ಕೆಯಾಗದವರಿಗೆ ಪತ್ರ ಕಳಿಸುವುದು ಕಚೇರಿಯ ಕೆಲಸ. ಅವರೊಬ್ಬರ ಪತ್ರವನ್ನು ಮಾತ್ರ ನಾನೇ ಬರೆಸಿದೆ. ‘ಈ ಸಾಲಿಗೆ ತಮ್ಮ ಸೇವೆಯ ಅಗತ್ಯ ಕಂಡುಬಂದಿಲ್ಲ.’ ಗುಮಾಸ್ತರು, ‘ಎಂತ ಮೇಡಂ, ಕೆಲಸದಿಂದ ತೆಗೆದ ಹಾಗೆ ಉಂಟಲ್ಲ ಇದು’ ಎಂದರು. ಇರಲಿ ಎಂದೆ. ಪತ್ರ ತಲುಪಿರಬಹುದಾದ ದಿನ ಮನೆಯಲ್ಲಿ ಕಾರಣವಿಲ್ಲದೆ ಪಾಯಸ ಮಾಡಿದೆ. ಹೈಸ್ಕೂಲಿಗೆ ಹೋಗುವ ಮಗಳು, ಇವತ್ತು ಯಾರ ಹುಟ್ಟುಹಬ್ಬ ಎಂದು ಕೇಳಿದಳು. ಎರಡು ಲೋಟ ಕುಡಿದೆ. ಇಷ್ಟು ರುಚಿಯಾಗಿ ಪಾಯಸ ನಾನು ಹಿಂದೆಂದೂ ಮಾಡಿರಲಿಲ್ಲ.

ಕಲ್ಲುಗುಂಡಿಯ ಹುಡುಗಿ ಪಾಠ ಆರಂಭಿಸಿದಳು. ಮೊದಲ ತಿಂಗಳು ನೋಟ್ಸ್ ನೋಡಿ ಓದಿದಳು. ಮಕ್ಕಳು ನನ್ನ ಬಳಿ ಬಂದು, ಆನೆಯ ವಿಷಯ ಹೇಳಿದ ಸರ್ ಬರುವುದಿಲ್ಲವಾ ಎಂದು ಕೇಳಿದರು. ಇಲ್ಲ ಎಂದೆ. ‘ಅವರೇ ಬರುದು ಅಂತ ನಾವು ಎಣಿಸಿದ್ದು ಮೇಡಂ’ ಎಂದಳು ಒಬ್ಬಳು. ಆಮೇಲೆ ನಾನೇ ಆ ಹುಡುಗಿಯ ತರಗತಿಯ ಹಿಂದಿನ ಬೆಂಚಿನಲ್ಲಿ ಹೋಗಿ ಕೂರತೊಡಗಿದೆ. ಪಾಠ ಮುಗಿದ ಮೇಲೆ ನಾವಿಬ್ಬರೂ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಪ್ರಶ್ನೆ ಕೇಳಬೇಕು ಎಂದು ಹೇಳಿಕೊಟ್ಟೆ. ನನ್ನ ಆಯ್ಕೆ ಸೋಲಬಾರದು ಎಂಬ ಹಟ ಅದರಲ್ಲಿ ಇತ್ತು, ಒಪ್ಪಿಕೊಳ್ಳುತ್ತೇನೆ.

ದೀಪಾವಳಿ ಕಳೆದ ಮೇಲೆ ಆಲಂಕಾರಿನಲ್ಲಿ, ನಮ್ಮ ಕಾಲೇಜಿನಿಂದ ನಿವೃತ್ತರಾಗಿದ್ದ ಗ್ರಂಥಪಾಲಕರ ಉತ್ತರಕ್ರಿಯೆಗೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆದು ಬರುವಾಗ ಶಾಮಿಯಾನದ ಬದಿಯಲ್ಲಿ ಅವರು ನಿಂತಿದ್ದರು. ತೀರಿಕೊಂಡವರು ಅವರಿಗೆ ದೂರದ ನೆಂಟರಂತೆ. ನನ್ನನ್ನೇ ಕಾಯುತ್ತಿದ್ದವರ ಹಾಗೆ ಹತ್ತಿರ ಬಂದು ಎರಡು ಕುರ್ಚಿ ಎಳೆದರು.

‘ಒಂದು ಕೇಳುದುಂಟು ಮೇಡಂ. ಬೇಜಾರ ಮಾಡ್ಬೇಡಿ. ಅವತ್ತು ನನ್ನ ಪಾಠದಲ್ಲಿ ತಪ್ಪಾದ್ದು ಎಂತ? ಈ ಪ್ರಾಯದಲ್ಲೂ ತಿದ್ದಿಕೊಳ್ಳುವಾ ಅಂತ.’

ಅವರು ಕೇಳದೆ ಇದ್ದಿದ್ದರೆ ನಾನು ಹೇಳುತ್ತಿರಲಿಲ್ಲವೇನೋ. ‘ತಪ್ಪು ಎಂತದೂ ಇರ್ಲಿಲ್ಲ ಸರ್. ಏಳು ಮಂದಿಯಲ್ಲಿ ನಿಮ್ಮದೇ ಒಳ್ಳೆದು.’

‘ಮತ್ತೆ?’

‘ಅಂಕ ಕಡಿಮೆ ಹಾಕಿದ್ದು ನಾನು. ಬೇಕಂತಲೇ.’

ತಮಾಷೆ ಎಂದುಕೊಂಡು ಅವರು ಸ್ವಲ್ಪ ನಕ್ಕರು. ನಾನು ನಗಲಿಲ್ಲ. ಹಾಜರಿ ಪುಸ್ತಕ, ಆ ಹುಡುಗ, ಸಹಿಯ ಕಾಲಂ, ಅವರು ಬರೆದ ಪತ್ರ, ಜಗಲಿಯಲ್ಲಿ ಆಡಿದ ಮಾತು, ಎಲ್ಲವನ್ನೂ ಧ್ವನಿ ಏರಿಸದೆ ಹೇಳಿದೆ. ಪಕ್ಕದ ಸಾಲಿನಲ್ಲಿ ಜನ ಎಲೆಯಡಿಕೆ ಹಾಕುತ್ತಾ ಕುಳಿತಿದ್ದರು. ನಾನು ಹೇಳಿ ಮುಗಿಸುವವರೆಗೂ ಅವರು ಶಾಮಿಯಾನದ ಕಂಬವನ್ನೇ ನೋಡುತ್ತಿದ್ದರು.

‘ಅದು ನೀವಾ?’ ಎಂದರು ಕೊನೆಗೆ.

ನನಗೆ ಅರ್ಥವಾಗಲಿಲ್ಲ. ‘ಅದು ನೀವಾ ಅಂದ್ರೆ?’

‘ಹಾಜರಿ ವಿಷಯ ಒಂದು ಆದದ್ದು ನೆನಪುಂಟು. ಅದು ಇತಿಹಾಸಕ್ಕೆ ಬರ್ತಿದ್ದ ಅತಿಥಿ ಮೇಡಂ ಅಂತ ಎಣಿಸಿದ್ದೆ ನಾನು.’

‘ಅವರಿಗೂ ಮಾಡಿದ್ರಾ?’

ಹದಿನಾಲ್ಕು ವರ್ಷ ನಾನು ಈ ಮನುಷ್ಯನ ಮುಖವನ್ನು ಎದುರಿಗಿಟ್ಟುಕೊಂಡು ಬದುಕಿದ್ದೆ. ಅವರಿಗೆ ನಾನು ಯಾವಳು ಎಂಬುದೇ ಗೊಂದಲವಾಗಿತ್ತು. ಏಳು ಅಂಕವೂ, ಆ ಪತ್ರವೂ, ಅವರಿಗೆ ಯಾಕೆಂದೇ ತಿಳಿಯದೆ ಹೋಗಿದ್ದವು. ಪಾಯಸ ಕುಡಿದದ್ದು ನೆನಪಾಗಿ ನನ್ನ ಮೇಲೆಯೇ ನಾಚಿಕೆಯಾಯಿತು, ಅದರ ಹಿಂದೆಯೇ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು.

‘ಮ್ಯಾನೇಜ್‌ಮೆಂಟಿನವರ ಒತ್ತಡ ಇತ್ತು ಮೇಡಂ. ಇಬ್ಬರು ಹೆಣ್ಣುಮಕ್ಕಳು ಮದುವೆಗೆ ಇದ್ರು ನನಗೆ’ ಎಂದರು.

‘ನನಗೂ ಒಬ್ಬಳು ಇದ್ದಳು ಸರ್. ಅರುವತ್ತು ದಿನದವಳು.’

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ‘ಈಗ ನಾನು, ತಪ್ಪಾಯ್ತು ಅಂತ...’

‘ಹೇಳ್ಬೇಡಿ’ ಎಂದೆ.

ಅವರು ಬಾಯಿ ಮುಚ್ಚಿದರು. ಆ ಮಾತು ಅವರ ಬಾಯಿಂದ ಹೊರಗೆ ಬಂದರೆ ನಾನು ಏನಾದರೂ ಹೇಳಬೇಕಾಗುತ್ತಿತ್ತು. ಇರಲಿ ಬಿಡಿ ಎಂದೋ, ಆದದ್ದು ಆಯಿತು ಎಂದೋ. ಉತ್ತರಕ್ರಿಯೆಯ ಮನೆಯಲ್ಲಿ, ನಾಲ್ಕು ಜನರ ಮುಂದೆ, ಬೆಳ್ಳಗಿನ ಕೂದಲಿನವರೊಬ್ಬರು ಕೈಮುಗಿದರೆ ಹೇಳದೆ ಇರಲು ಆಗುತ್ತದೆಯೇ? ಅವರು ಹಗುರಾಗಿ ಮನೆಗೆ ಹೋಗುವುದು ನನಗೆ ಬೇಕಿರಲಿಲ್ಲ. ‘ಅದನ್ನು ನಿಮ್ಮ ಹತ್ರವೇ ಇಟ್ಟುಕೊಳ್ಳಿ ಸರ್. ಇತಿಹಾಸದ ಮೇಡಂ ಈಗ ಎಲ್ಲಿದ್ದಾರೆ ಅಂತ ಹುಡುಕಿ, ಬೇಕಾದ್ರೆ ಅಲ್ಲಿ ಹೋಗಿ ಹೇಳಿ’ ಎಂದು ಎದ್ದು ಬಂದೆ. ಅವರು ಹುಡುಕಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ತರಗತಿಯಲ್ಲಿ ಶಾಂತಿಯ ಪಾಠಗಳು ಮುಗಿಯುವ ಹೊತ್ತಿಗೆ ಕಲ್ಲುಗುಂಡಿಯ ಹುಡುಗಿ ನೋಟ್ಸ್ ಬಿಟ್ಟು ಮಾತಾಡಲು ಕಲಿತಿದ್ದಳು. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ, ಬುತ್ತಿಯ ಮುಚ್ಚಳ ಹಾಕುತ್ತಾ ಕೇಳಿದಳು. ‘ಮೇಡಂ, ಮಕ್ಕಳು ಈಗಲೂ ಆ ಸರ್ ವಿಷಯ ಹೇಳುದುಂಟು. ಅವರನ್ನು ಬಿಟ್ಟು ನನ್ನನ್ನು ಯಾಕೆ ತೆಗೊಂಡದ್ದು?’

ಅವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೇಳಿದೆ, ಏನನ್ನೂ ಬಿಡದೆ. ಅವಳ ಮುಖ ಸಣ್ಣದಾಯಿತು. ತಾನು ಗೆದ್ದು ಬಂದೆ ಎಂದು ಮನೆಯವರಿಗೆಲ್ಲ ಹೇಳಿಕೊಂಡಿದ್ದಳಂತೆ.

‘ಹಾಗಾದ್ರೆ ನನ್ನ ಹದಿನೇಳು?’

‘ಅದು ಸರಿಯಾದ ಅಂಕವೇ. ಅವರಿಗೆ ಹಾಕಬೇಕಾದದ್ದು ಹದಿನೆಂಟು.’

ಅವಳು ಬುತ್ತಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಅವರಿಗಾಗಿ ಬೇಸರಪಡುತ್ತಿದ್ದಾಳೆ ಎಂದುಕೊಂಡೆ. ಅವಳು ಯೋಚಿಸುತ್ತಿದ್ದದ್ದು ಬೇರೆ. ‘ಮೇಡಂ, ಮುಂದಿನ ವರ್ಷ ನಾನು ಇರ್ತೇನೋ ಇಲ್ವೋ ಅಂತ ಈಗಲೇ ಬರೆದು ಕೊಡ್ತೀರಾ? ಜೂನ್ ತನಕ ಕಾಯುದು ಬೇಡ.’

ಮರುದಿನವೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ಇನ್ನೊಂದು ವರ್ಷಕ್ಕೆ ಅವಳನ್ನು ಮುಂದುವರಿಸುವ ಪತ್ರ ಮಾಡಿಸಿದೆ. ಅವಳು ಅದನ್ನು ನಿಂತಲ್ಲೇ ಎರಡು ಸಲ ಓದಿದಳು. ದಿನಾಂಕ ನೋಡಿದಳು, ಮೊಹರು ನೋಡಿದಳು, ನನ್ನ ಸಹಿಯ ಮೇಲೆ ಒಂದು ಗಳಿಗೆ ಬೆರಳಿಟ್ಟು ನೋಡಿದಳು. ಥ್ಯಾಂಕ್ಸ್ ಮೇಡಂ ಎಂದು ಹೇಳಿ ಕೆಳಗಿನ ಅಂಗಡಿಗೆ ಹೋಗಿ ಎರಡು ಜೆರಾಕ್ಸ್ ಮಾಡಿಸಿಕೊಂಡು ಬಂದಳು. ಒಂದನ್ನು ಚೀಲಕ್ಕೆ ಹಾಕಿಕೊಂಡಳು, ಇನ್ನೊಂದು ಕಲ್ಲುಗುಂಡಿಯ ಮನೆಯಲ್ಲಿ ಇಡಲಿಕ್ಕಂತೆ. ನನ್ನ ಮೇಲೆ ಅವಳಿಗೆ ಪೂರ್ತಿ ನಂಬಿಕೆ ಇಲ್ಲ. ಇರಬೇಕೆಂದು ನಾನೂ ಕೇಳುವುದಿಲ್ಲ.